ಏಲಿಯನ್ ಪ್ರಾಣಿ ಪುಸ್ತಕ: ಎರಡನ್ನೂ ಆಡಿಸಿ ನೋಡಿದ ಮೇಲೆ

ಮೇಜಿನ ಸುತ್ತ ಕೂತು ದಾಳ ಹಾಕುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಅಂತರಿಕ್ಷದ ಕಥೆ-ಆಟಗಳಿವೆ. ನಮ್ಮಲ್ಲಿ ಆಟ ನಡೆಸುವವನು, ಎದುರಾಗುವ ಪ್ರಾಣಿಗಳನ್ನು ಆಡಿಸುವವನು ನಾನು. ಅಂಥ ಎರಡು ಆಟಗಳ ಪ್ರಾಣಿ ಪುಸ್ತಕಗಳಲ್ಲಿ ಯಾವುದು ವಾಸಿ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟ್ರಾವೆಲರ್ ಆಟದ 'ಅನಿಮಲ್ ಎನ್‌ಕೌಂಟರ್ಸ್'ಗೆ. 1979ರ ಸಣ್ಣ ಪುಸ್ತಕ, ಹೆಚ್ಚೂ ಕಡಿಮೆ ಬರೀ ಕೋಷ್ಟಕಗಳೇ: ಬೆಟ್ಟ, ಕಾಡು ಹೀಗೆ ಜಾಗಕ್ಕೊಂದು, ದಾಳ ಹಾಕಿದರೆ ಎದುರಾಗುವ ಪ್ರಾಣಿ ಯಾವುದು ಅಂತ ಗೊತ್ತಾಗುತ್ತದೆ. ಅದು ನನ್ನ ಕೈಗೆ ಬರುವ ಮುಂಚೆ ಸ್ಟಾರ್‌ಫೈಂಡರ್ ಆಟದ 'ಏಲಿಯನ್ ಆರ್ಕೈವ್'ಗೆ ಹತ್ತಿರ ಹತ್ತಿರ 4,000 ರೂಪಾಯಿ ಕೊಟ್ಟಿದ್ದೆ. ನಾವು ಆಡುವುದು ದಾವಣಗೆರೆಯ ವಿದ್ಯಾನಗರದಲ್ಲಿ, ನಮ್ಮ ಮನೆ ಮಹಡಿ ಮೇಲೆ, ಭಾನುವಾರ ಸಂಜೆ ಎರಡೇ ಗಂಟೆ ಹೊತ್ತು. ಮಾತೆಲ್ಲ ಕನ್ನಡದಲ್ಲೇ.

ಆರ್ಕೈವ್ ನೋಡೋಕೆ ಬಲು ಚೆಂದ. 2017ರದ್ದು. ಒಂದೊಂದು ಜೀವಿಗೆ ಎದುರುಬದುರು ಎರಡು ಪುಟ, ಬಣ್ಣದ ಚಿತ್ರ, ಅದು ಯಾವ ಗ್ರಹದ್ದು, ಹೇಗೆ ಬದುಕುತ್ತದೆ ಎಲ್ಲ ಇದೆ. ಕೆಲವು ಜೀವಿಗಳನ್ನು ನಮ್ಮ ಪಾತ್ರವಾಗಿಯೂ ಆಡಬಹುದು. ಆಡೋಕೆ ಬರುವ ಹುಡುಗರು ಚಿತ್ರ ನೋಡಿದ ತಕ್ಷಣ ಮರುಳಾಗಿಬಿಟ್ಟರು.

ತೊಡಕು ಆಗಿದ್ದು ಆಡುವಾಗ. ಇದರಲ್ಲಿ ಪ್ರತಿ ಜೀವಿಗೂ ಎರಡು ರಕ್ಷಣೆ ಅಂಕಿ, ಅಂದರೆ ಏಟು ಬೀಳಬೇಕಾದರೆ ದಾಳದ ಲೆಕ್ಕ ಮುಟ್ಟಬೇಕಾದ ಅಂಕಿ. ಲೇಸರ್, ಬೆಂಕಿ ಥರದ್ದಕ್ಕೆ ಒಂದು, ಗುಂಡು, ಕತ್ತಿ ಥರದ್ದಕ್ಕೆ ಇನ್ನೊಂದು. ಯೋಚನೆ ಒಳ್ಳೆಯದೇ, ಗುಂಡು ತಡೆಯುವ ಚಿಪ್ಪು ಲೇಸರನ್ನೂ ಅಷ್ಟೇ ತಡೆಯಬೇಕು ಅಂತೇನಿಲ್ಲ ಅಲ್ವಾ. ಆದರೆ ಮೇಜಿನ ಮೇಲೆ ಏನಾಗುತ್ತದೆ ನೋಡಿ. ಒಬ್ಬ ದಾಳ ಹಾಕಿ 'ಅಣ್ಣಾ, ಹದಿನಾಲ್ಕು, ಬಿತ್ತಾ?' ಅನ್ನುತ್ತಾನೆ. ನಾನು 'ಲೇಸರ್ರಾ, ಗುಂಡಾ?' ಅನ್ನಬೇಕು. ಅವನು ತನ್ನ ಹಾಳೆ ಹುಡುಕಬೇಕು. ಅಷ್ಟರಲ್ಲಿ ಪಕ್ಕದವನು ಮಂಡಕ್ಕಿಗೆ ಕೈ ಹಾಕಿರುತ್ತಾನೆ, ಬಂದಿದ್ದ ಭಯ ಎಲ್ಲಾ ಇಳಿದುಹೋಗಿರುತ್ತದೆ. ಇದು ಒಂದು ಸಲ ಅಲ್ಲ, ಪ್ರತಿ ಏಟಿಗೂ.

ಇನ್ನೂ ಒಂದಿದೆ. ಹಲವು ಜೀವಿಗಳಿಗೆ ಸಮಾನವಾಗಿರುವ ಶಕ್ತಿಗಳ ವಿವರ ಪುಸ್ತಕದ ಕೊನೆಯಲ್ಲಿದೆ, ಜೀವಿಯ ಪುಟದಲ್ಲಿ ಹೆಸರು ಮಾತ್ರ. ಒಂದು ಬೆರಳು ಅಲ್ಲಿ, ಒಂದು ಬೆರಳು ಇಲ್ಲಿ ಇಟ್ಟುಕೊಂಡು ಆಡಿಸಬೇಕು. ಬೇಕಾದ ಪುಟಗಳನ್ನಷ್ಟೇ ಜೆರಾಕ್ಸ್ ಮಾಡಿಸಿದೆ. ಬಣ್ಣದ ಪುಟ ಕಪ್ಪು-ಬಿಳುಪಿನಲ್ಲಿ ಮಸಿ ಬಳಿದ ಹಾಗೆ ಬಂತು, ಅಂಕಿಗಳೇ ಕಾಣಲಿಲ್ಲ. ಕೊನೆಗೆ ಅಸಲಿ ಪುಸ್ತಕವನ್ನೇ ಮೇಜಿಗೆ ತಂದೆ. ಈಗ ಅದರ ಎರಡು ಪುಟಕ್ಕೆ ಮಿರ್ಚಿ ಎಣ್ಣೆ ಹತ್ತಿದೆ. ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಅಕ್ಷರ ಕಾಣುತ್ತದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಟ್ರಾವೆಲರ್‌ನಲ್ಲಿ ಒಂದು ಪ್ರಾಣಿಗೆ ಒಂದೇ ಸಾಲು. ಎಷ್ಟಿವೆ, ಎಷ್ಟು ಕೆಜಿ, ಹಲ್ಲೋ ಉಗುರೋ, ಇಂಥವು. ಆದರೆ ಅದು ಏನು ಮಾಡಿ ಹೊಟ್ಟೆ ಹೊರೆಯುತ್ತದೆ ಅನ್ನುವುದೂ ಅದೇ ಸಾಲಿನಲ್ಲಿದೆ: ಮೇಯುವುದು, ಅಟ್ಟಿಸಿಕೊಂಡು ಬರುವುದು, ಹೊಂಚು ಹಾಕಿ ಎರಗುವುದು, ಬೇರೆಯವರ ಬೇಟೆ ಕಿತ್ತುಕೊಳ್ಳುವುದು. ಅಟ್ಟಿಸಿಕೊಂಡು ಬರುವಂಥವು ನಮಗಿಂತ ಜಾಸ್ತಿ ಇದ್ದರೆ ಮೇಲೆ ಬೀಳುತ್ತವೆ. ಹೊಂಚು ಹಾಕುವುದು ನಮಗೆ ಗೊತ್ತಾಗದ ಹಾಗೆ ಹತ್ತಿರ ಬಂದಿದ್ದರೆ ಎರಗುತ್ತದೆ, ಅದೇ ಬೆಚ್ಚಿಬಿದ್ದರೆ ಓಡುತ್ತದೆ.

ಒಂದು ಸಂಜೆ ಬೆಟ್ಟದ ಕೋಷ್ಟಕದಲ್ಲಿ ಹೊಂಚು ಹಾಕುವ ಪ್ರಾಣಿ ಬಿತ್ತು. ಚಿತ್ರವಿಲ್ಲ, ಹಾಗಾಗಿ ನಮ್ಮ ದುರ್ಗದ ಬಂಡೆಗಳನ್ನೇ ವರ್ಣಿಸಿದೆ. ಬಿಸಿಲಿಗೆ ಕಾದ ಗುಂಡುಕಲ್ಲುಗಳು, ನಡುವೆ ಒಬ್ಬರೇ ನುಸುಳುವಷ್ಟು ಸಂದು, ಅದರೊಳಗೆ ಬಂಡೆ ಬಣ್ಣದ್ದೇ ಒಂದು ಬೆನ್ನು ಉಸಿರಾಡುತ್ತಿದೆ. ಚಿತ್ರದುರ್ಗದಿಂದ ಬಂದಿದ್ದ ಮಾಮನ ಮಗ ಆ ಸಂದುಗಳಲ್ಲೇ ಆಡಿ ಬೆಳೆದವನು, ಮುಂದಕ್ಕೆ ಬಾಗಿ 'ಅಣ್ಣಾ, ಅದು ನಮ್ಮನ್ನ ನೋಡ್ತಾ?' ಅಂದ. ದಾಳ ಹಾಕಿದೆವು. ನೋಡಿರಲಿಲ್ಲ, ಇವರೇ ಮೊದಲು ಕಂಡಿದ್ದರು. ಪ್ರಾಣಿ ಬೆಚ್ಚಿ ಸಂದಿನಿಂದ ಸಂದಿಗೆ ಹಾರಿ ಹೋಯಿತು. ಒಂದು ಗುಂಡೂ ಹಾರಲಿಲ್ಲ. ಆದರೂ ಆ ಸಂಜೆಯನ್ನು ಹುಡುಗರು ಈಗಲೂ ನೆನೆಸುತ್ತಾರೆ.

ದುಡ್ಡು ಕೊಡೋಕೆ ಮನಸ್ಸಿಲ್ಲ ಅಂದರೆ ಸ್ಟಾರ್ಸ್ ವಿದೌಟ್ ನಂಬರ್ ಅನ್ನುವ ಇನ್ನೊಂದು ಇಂಥದೇ ಆಟದ ಉಚಿತ ಪಿಡಿಎಫ್ ಇಳಿಸಿಕೊಳ್ಳಿ, ಪ್ರಾಣಿ ಕಟ್ಟುವ ಕೋಷ್ಟಕ ಅದರಲ್ಲೂ ಇದೆ.

ವಾರವಿಡೀ ಆಡುವ, ಅಂಕಿ-ನಿಯಮ ಬಾಯಿಪಾಠ ಇರುವ ಗುಂಪಿಗೆ ಆರ್ಕೈವ್ ಸರಿ. ನಾನು ಅದನ್ನು ಚಿತ್ರ ತೋರಿಸೋಕೆ ಮಾತ್ರ ತೆಗೆಯುತ್ತೇನೆ. ಸದ್ಯಕ್ಕೆ ಟ್ರಾವೆಲರ್ ನೋಡಿಕೊಂಡು ದುರ್ಗದ ಬಂಡೆಗಳಿಗೇ ಒಂದು ಕೋಷ್ಟಕ ಬರೆಯುತ್ತಿದ್ದೇನೆ, 2ರಿಂದ 12ರವರೆಗೆ ಹನ್ನೊಂದು ಸಾಲು. ಎರಡು ದಾಳಕ್ಕೆ ಜಾಸ್ತಿ ಬೀಳುವುದು 7, ಅದಕ್ಕೆ ಮೇಯುವ ಪ್ರಾಣಿ ಇಟ್ಟಿದ್ದೇನೆ. ಬಂಡೆ ಬಣ್ಣದ್ದನ್ನು 12ಕ್ಕೆ.