ತೆರೆದ ಕಾರ್ ಟ್ರೈಲರಿಗೆ ಟಾರ್ಪಾಲಿನ್ ಹೊದಿಕೆ: ಕೆಲವು ಚಳಿಗಾಲ ಕಂಡ ಮೇಲೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಹಳೆಯ ಕಾರುಗಳ ಪರಮ ಶತ್ರು. 1990ರ ದಶಕದ ನನ್ನ ಪುಟ್ಟ ಸ್ಪೋರ್ಟ್ಸ್ ಕಾರು ಮಾಜ್ದಾ ಮಿಯಾಟಾವನ್ನು ರೇಸ್ ಟ್ರ್ಯಾಕಿಗೆ ಒಯ್ಯಲು ಇರುವುದು 18 ಅಡಿ ಉದ್ದದ, ಒಟ್ಟು 7,000 ಪೌಂಡ್ ಮಿತಿಯ ತೆರೆದ ಟ್ರೈಲರ್. ಚೌಕಟ್ಟು ಇನ್ನೂ ಗಟ್ಟಿಮುಟ್ಟಾಗಿದೆ. ಮಾರಲು ಮನಸ್ಸು ಬರಲಿಲ್ಲ. ಉಕ್ಕಿನ ಕಮಾನುಗಳ ಮೇಲೆ ವಿನೈಲ್ ಟಾರ್ಪಾಲಿನ್ ಹೊದಿಸುವ ಕಿಟ್ ತರಿಸಿ ಕೂರಿಸಿದೆ. ಹೊಸ ಮುಚ್ಚಿದ ಟ್ರೈಲರಿನ ಬೆಲೆಯಲ್ಲಿ ಅರ್ಧವೂ ಆಗಲಿಲ್ಲ.

ಇದರ ದೊಡ್ಡ ಗುಣ ಮಳೆ ತಡೆಯುವುದಲ್ಲ, ಪಕ್ಕದ ಪರದೆ ಮೇಲಕ್ಕೆ ಸುತ್ತಿಕೊಳ್ಳುವುದು. ಗಟ್ಟಿ ಗೋಡೆಯ ಟ್ರೈಲರಿನೊಳಗೆ ಕಾರು ಹತ್ತಿಸಿದ ಮೇಲೆ ಬಾಗಿಲು ತೆರೆಯಲು ಜಾಗವಿರುವುದಿಲ್ಲ. ಕಿಟಕಿಯಿಂದ ನುಸುಳಿ ಹೊರಬರುವವರನ್ನು ಟ್ರ್ಯಾಕಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ನನ್ನ ವಯಸ್ಸಿಗೆ ಆ ಕಸರತ್ತು ಒಗ್ಗದು. ಇಲ್ಲಿ ಪರದೆ ಸುತ್ತಿ, ಬಾಗಿಲು ತೆರೆದು, ಇಳಿದು, ಚಕ್ರಗಳಿಗೆ ಪಟ್ಟಿ ಬಿಗಿದರೆ ಮುಗಿಯಿತು.

ಇನ್ನು ಗಾಳಿಯ ಮಾತು. ತೆರೆದ ಟ್ರೈಲರ್ ಎಳೆಯುವಾಗ ನನ್ನ ಪಿಕಪ್ ಗ್ಯಾಲನ್ನಿಗೆ 14 ಮೈಲಿ ಕೊಡುತ್ತಿತ್ತು. ಈಗ 11 ಕೊಟ್ಟರೆ ಹೆಚ್ಚು. ಸೌತ್ ಹೇವನ್ ಬಳಿಯ ಜಿಂಜರ್‌ಮ್ಯಾನ್ ಟ್ರ್ಯಾಕಿಗೆ ಹೋಗುವಾಗ ಮಿಷಿಗನ್ ಸರೋವರದ ಕಡೆಯಿಂದ ಬೀಸುವ ಅಡ್ಡಗಾಳಿಗೆ ಟ್ರೈಲರ್ ಹಾಯಿ ಕಟ್ಟಿದ ದೋಣಿಯಂತೆ ವಾಲುತ್ತದೆ. ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಹಿಚ್ (ಪಿಕಪ್ಪಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವಂತೆ ಕಾರನ್ನು ನಿಲ್ಲಿಸುವುದು ಮೊದಲೂ ಮುಖ್ಯವೇ; ಈಗ ಅದರಲ್ಲಿ ಎಳ್ಳಷ್ಟೂ ಸಡಿಲ ಬಿಡುವಂತಿಲ್ಲ. ಮಿಷಿಗನ್ನಿನ ಎರಡು ಭಾಗಗಳನ್ನು ಜೋಡಿಸುವ, 1957ರಲ್ಲಿ ಸಂಚಾರಕ್ಕೆ ತೆರೆದ ಮ್ಯಾಕಿನಾ ಸೇತುವೆ ದಾಟಿ ಉತ್ತರಕ್ಕೆ ಹೋಗುವವರು ಇನ್ನೊಂದನ್ನು ಗಮನಿಸಬೇಕು: ಗಾಳಿ ಜೋರಾದ ದಿನ ಅಲ್ಲಿ ಎತ್ತರದ, ಮುಚ್ಚಿದ ವಾಹನಗಳು ಬೆಂಗಾವಲಿನೊಂದಿಗೆ ಮಾತ್ರ ದಾಟಬೇಕು.

ಕನ್ನಡಿಯಲ್ಲಿ ಕಾರು ಕಾಣುವುದಿಲ್ಲ ಎಂಬುದು ಕೊಳ್ಳುವಾಗ ಯಾರೂ ಹೇಳದ ಸಂಗತಿ. ಮೊದಲು ಪಟ್ಟಿ ಸಡಿಲವಾದರೆ ಓಡಿಸುತ್ತಲೇ ಗೊತ್ತಾಗುತ್ತಿತ್ತು. ಈಗ ಹೊರಟ ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಪರದೆ ಎತ್ತಿ ನೋಡುತ್ತೇನೆ. ಒಳಗೊಂದು ಅಗ್ಗದ ಕ್ಯಾಮೆರಾ ಹಾಕಿದ್ದೇನೆ, ಆದರೂ ಕೈಯಿಂದ ಮುಟ್ಟಿ ನೋಡದೆ ಸಮಾಧಾನವಿಲ್ಲ.

ವಸಂತದಲ್ಲಿ ಒಳಗೆ ಬೆವರುತ್ತದೆ. ರಾತ್ರಿಯ ಚಳಿಗೆ ತಣ್ಣಗಾದ ಉಕ್ಕಿಗೂ ಕಾರಿನ ತಗಡಿಗೂ ಹಗಲಿನ ಬೆಚ್ಚಗಿನ, ತೇವದ ಗಾಳಿ ತಗುಲಿ ಹನಿ ಕಟ್ಟುತ್ತದೆ. ಉಪ್ಪಿನಿಂದ ಉಳಿಸಿದ ಕಾರಿಗೆ ಈ ಹನಿಗಳಿಂದ ತುಕ್ಕು ಹಿಡಿಸಿಕೊಳ್ಳುವುದು ಬೇಡ. ಮುಂದೆ ಕೆಳಗೊಂದು, ಹಿಂದೆ ಮೇಲೊಂದು ಗಾಳಿಕಿಂಡಿ ಮಾಡಿಸಿದ ಮೇಲೆ ಬಹುಪಾಲು ಕಡಿಮೆಯಾಯಿತು. ಪೆಟ್ರೋಲ್ ಆವಿ ಹೊರಹೋಗಲೂ ಅವು ಬೇಕು. ಹಿಮ ಬಿದ್ದಾಗ ಚಾವಣಿಯ ಮೇಲೆ ಗುಡ್ಡೆಯಾಗಲು ಬಿಡಬಾರದು. ಕಡುಚಳಿಯಲ್ಲಿ ವಿನೈಲ್ ಸೆಟೆದುಕೊಂಡಿರುವಾಗ ಪರದೆ ಸುತ್ತಿದರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ.

ಬಟ್ಟೆ ಇನ್ನೂ ಚೆನ್ನಾಗಿದೆ, ಹೊಲಿಗೆಯೇ ಸೋತದ್ದು. ಬಿಸಿಲು ಬೀಳುವ ಕಡೆ ದಾರ ಪುಡಿಯಾಗಿ ಹಿಂಬದಿಯ ಝಿಪ್ ಕಿತ್ತುಬಂತು. ಮಾರಿದವರು ಇಡೀ ಪರದೆಯನ್ನೇ ಹೊಸದಾಗಿ ಕೊಳ್ಳಿ ಎಂದರು. ಸರೋವರಗಳ ನಾಡಿದು; ದೋಣಿಗಳ ಹೊದಿಕೆ ಹೊಲಿಯುವವರಿಗೆ ಇಲ್ಲಿ ಬರವಿಲ್ಲ. ಅಂಥ ಒಬ್ಬರು ಬಿಸಿಲು ತಾಳುವ ದಾರದಲ್ಲಿ ಎಲ್ಲ ಜೋಡಣೆಗಳನ್ನೂ ಮರುಹೊಲಿದುಕೊಟ್ಟರು. ಕೂಲಿ, ಹೊಸ ಪರದೆಯ ಸಾಗಣೆ ವೆಚ್ಚಕ್ಕಿಂತ ಕಡಿಮೆ.