ಎಣ್ಣೆ ಮಿಲ್‌ನಲ್ಲಿ ಸೀಮೆನ್ಸ್ ಎಸ್‌ಎಂ 1231 ಆರ್‌ಟಿಡಿ ಮಾಡ್ಯೂಲ್: ಕೆಲವು ಹಂಗಾಮು ಓಡಿಸಿದ ಮೇಲೆ

ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ ಒಂದರಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ಬೀಜ ಬೇಯಿಸುವ ಕೆಟಲ್‌ನ ಪಿಟಿ100 ಸೆನ್ಸರ್‌ಗಳೆಲ್ಲ (ಬಿಸಿ ಏರಿದಂತೆ ರೆಸಿಸ್ಟೆನ್ಸ್ ಏರುವ, ಆರ್‌ಟಿಡಿ ಅನ್ನುವ ಜಾತಿಯ ತಾಪಮಾನ ಸೆನ್ಸರ್) ಎಸ್7-1200 ಪಿಎಲ್‌ಸಿಗೆ, ಅಂದರೆ ಯಂತ್ರಗಳನ್ನು ನಡೆಸುವ ಕಂಟ್ರೋಲರ್‌ಗೆ, ಈ ಎಸ್‌ಎಂ 1231 ಮಾಡ್ಯೂಲ್ ಮೂಲಕವೇ ಬರುತ್ತವೆ. ಕೊಳ್ಳಬಹುದಾ ಅಂದರೆ, ಧಾರಾಳವಾಗಿ ಕೊಳ್ಳಿ. ಆದರೆ ಕೇಬಲ್ ಎಳೆಯುವ ಕೆಲಸಕ್ಕೂ ಬೇರೆ ದುಡ್ಡು ತೆಗೆದಿಡಿ.

ಹೊಸದರಲ್ಲಿ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್‌ನ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಆನ್ ಆದರೆ ಸಾಕು, ಸ್ಕ್ರೀನ್ ಮೇಲೆ ತಾಪಮಾನ ಏರಿಳಿಯುತ್ತಿತ್ತು. "ಸಾರ್, ಕೆಟಲ್ ಹಂಗೇ ಐತೆ, ಇಲ್ಲಿ ಮಾತ್ರ ಏರ್ತೈತೆ" ಅಂತ ಆಪರೇಟರ್ ಕೂಗಿಕೊಳ್ಳುತ್ತಿದ್ದ. ಸ್ಟೀಮ್ ವಾಲ್ವ್ ಸುಮ್ಮಸುಮ್ಮನೆ ತೆರೆದು ಮುಚ್ಚುತ್ತಿತ್ತು. ಬಿಸಿ ಮಿತಿಮೀರಿದರೆ ಎಣ್ಣೆಯ ಬಣ್ಣ ಕಪ್ಪಾಗುತ್ತದೆ, ಹಿಂಡಿ ಕರಕಲಾಗುತ್ತದೆ. ಮಾಡ್ಯೂಲೇ ಕೆಟ್ಟಿದೆ ಅಂದರು. ಸ್ಪೇರ್ ಹಾಕಿದರೂ ಅದೇ ಕಥೆ.

ಪ್ಯಾನಲ್ ಹಾಕಿದವರು ಸೆನ್ಸರ್ ಕೇಬಲನ್ನು ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಎಳೆದಿದ್ದರು. ವಿಎಫ್‌ಡಿ ಸೆಕೆಂಡಿಗೆ ಸಾವಿರಾರು ಸಲ ವೋಲ್ಟೇಜ್ ಕತ್ತರಿಸಿ ಮೋಟಾರಿಗೆ ಕೊಡುತ್ತದೆ. ಆ ಚೂಪಾದ ಏರಿಳಿತ ಪಕ್ಕದ ತಂತಿಗೂ ಹಾಯುತ್ತದೆ. ಪಿಟಿ100ನಲ್ಲೋ ಒಂದು ಡಿಗ್ರಿಗೆ ಬದಲಾಗುವುದು ಸುಮಾರು 0.385 ಓಮ್ ಅಷ್ಟೇ. ಅಷ್ಟು ಸಣ್ಣ ಸಿಗ್ನಲ್ ಮೋಟಾರ್ ಕೇಬಲ್ ಮಗ್ಗುಲಲ್ಲಿ ಹೇಗೆ ಉಳಿದೀತು?

ಬೇರೆ ಟ್ರೇ ಹಾಕಿಸಿದೆವು, ಎರಡರ ನಡುವೆ ಒಂದಡಿ ಜಾಗ. ದಾಟಲೇಬೇಕಾದ ಕಡೆ ಅಡ್ಡಡ್ಡಕ್ಕೆ ದಾಟಿಸಿದೆವು. ಹೆಣೆದ ಜೋಡಿಯ ಶೀಲ್ಡ್ ಕೇಬಲ್ ತಂದು, ಶೀಲ್ಡನ್ನು ಪ್ಯಾನಲ್ ಬಾಗಿಲ ಹತ್ತಿರವೇ ಸುತ್ತಲೂ ಹಿಡಿಯುವ ಕ್ಲಾಂಪ್‌ನಿಂದ ಅರ್ಥ್ ಬಾರ್‌ಗೆ ಬಿಗಿದೆವು. ಶೀಲ್ಡನ್ನು ಉದ್ದನೆಯ ಜಡೆ ಮಾಡಿ ಸ್ಕ್ರೂಗೆ ಸುತ್ತುವ ರೂಢಿ ಎಲ್ಲ ಕಡೆ ಇದೆ, ಹೆಚ್ಚಿನ ಫ್ರೀಕ್ವೆನ್ಸಿಯ ನಾಯ್ಸ್‌ಗೆ ಅದು ಉಪಯೋಗಕ್ಕೆ ಬಾರದು. ಮೋಟಾರ್ ಕೇಬಲಿಗೂ ಶೀಲ್ಡ್ ಹಾಕಿ ಎರಡೂ ತುದಿಯಲ್ಲಿ ಅರ್ಥ್ ಮಾಡಿದೆವು. ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜ್ ಏಟು ತಡೆಯಲು ಕಾಂಟ್ಯಾಕ್ಟರ್ (ಮೋಟಾರ್ ಆನ್-ಆಫ್ ಮಾಡುವ ದೊಡ್ಡ ರಿಲೇ) ಕಾಯಿಲ್‌ಗಳಿಗೆ ಆರ್‌ಸಿ ಸ್ನಬ್ಬರ್, 24 ವೋಲ್ಟ್ ಡಿಸಿ ರಿಲೇಗಳಿಗೆ ಡಯೋಡ್ ಹಾಕಿದೆವು. ಅದಾದ ಮೇಲೆ ಮೊದಲಿನ ಆ ಮಾಡ್ಯೂಲನ್ನೇ ವಾಪಸ್ ಹಾಕಿದೆವು. ಇವತ್ತಿಗೂ ಅದೇ ಓಡುತ್ತಿದೆ.

ಸೆಟ್ಟಿಂಗ್‌ನಲ್ಲಿ ನಾಯ್ಸ್ ಫಿಲ್ಟರ್ 10, 50, 60, 400 ಹರ್ಟ್ಸ್ ಅಂತ ಸಿಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದನ್ನೇ ಇಡಿ. ಓದಿದ್ದು 0.1 ಡಿಗ್ರಿ ಲೆಕ್ಕದಲ್ಲಿ ಬರುತ್ತದೆ, ಅಂದರೆ 1050 ಅಂದರೆ 105 ಡಿಗ್ರಿ. ಸೆನ್ಸರ್ ತಂತಿ ಕಡಿದರೂ ಗೊತ್ತಾಗುತ್ತದೆ. ಎರಡು ತಂತಿಯಲ್ಲಿ ಮಾತ್ರ ಜೋಡಿಸಬೇಡಿ: 1 ಚದರ ಮಿಮೀ ತಾಮ್ರ 40 ಮೀಟರ್ ಹೋಗಿ ಬಂದರೆ ಸುಮಾರು ಒಂದೂವರೆ ಓಮ್, ಅಲ್ಲಿಗೆ ಮೂರೂವರೆ ಡಿಗ್ರಿಗಿಂತ ಹೆಚ್ಚು ಸುಳ್ಳು. ಮೂರು ತಂತಿ ಹಾಕಿ, ಆಗ ತಂತಿಯ ರೆಸಿಸ್ಟೆನ್ಸನ್ನು ಮಾಡ್ಯೂಲೇ ಲೆಕ್ಕದಿಂದ ಕಳೆಯುತ್ತದೆ.

ನನಗೆ ಇಷ್ಟವಾಗದ್ದು, ಫಿಲ್ಟರ್ ಇಡೀ ಮಾಡ್ಯೂಲಿಗೆ ಒಂದೇ. ಚಾನೆಲ್‌ಗೊಂದು, ಅಂದರೆ ಒಂದೊಂದು ಸೆನ್ಸರ್ ಸೇರುವ ಜಾಗಕ್ಕೊಂದು, ಬೇರೆ ಇಡಲು ಬರುವುದಿಲ್ಲ. ಬಳಸದ ಚಾನೆಲ್ ನಿಷ್ಕ್ರಿಯಗೊಳಿಸದೆ ಬಿಟ್ಟರೆ ಎರರ್ ತೋರಿಸುತ್ತಲೇ ಇರುತ್ತದೆ, ಕಮಿಷನಿಂಗ್ ದಿನವೇ (ಮೊದಲ ಸಲ ಚಾಲೂ ಮಾಡುವ ದಿನ) ಅದನ್ನು ಮುಗಿಸಿ.

ನಮ್ಮ ಒಣ ಸೀಮೆಯವರಿಗೆ ಒಂದು ಮಾತು: ಬೇಸಿಗೆಯಲ್ಲಿ ಮಣ್ಣು ಒಣಗಿದಷ್ಟೂ ಅರ್ಥ್ ಪಿಟ್‌ನ ರೆಸಿಸ್ಟೆನ್ಸ್ ಏರುತ್ತದೆ. ನೀರು ಹಾಕಿಸುತ್ತಿರಿ, ಅರ್ಥ್ ಟೆಸ್ಟರ್‌ನಿಂದ ಅಳೆದು ಬರೆದಿಡಿ.

ಎರಡನೇ ಕೆಟಲ್‌ಗೂ ಇದೇ ಮಾಡ್ಯೂಲಿಗೆ ಇಂಡೆಂಟ್ ಕೊಟ್ಟಿದ್ದೇನೆ. ಅದೇ ಪಟ್ಟಿಯಲ್ಲಿ ಶೀಲ್ಡ್ ಕೇಬಲ್, ಕ್ಲಾಂಪ್, ಬೇರೆ ಟ್ರೇ ಕೂಡ ಬರೆದಿದ್ದೇನೆ.