ಇಳಿಜಾರಿನ ಮಾಪಕವೋ, ಹಿಮದ ಗುಂಡಿಯೋ?

ಗುಲ್ಮರ್ಗ್‌ನಲ್ಲಿ ಗೊಂಡೊಲಾ (ಕೇಬಲ್ ಕಾರ್) ಇಳಿದು, ಕಾವಲಿರುವ ಹಾದಿ ಬಿಟ್ಟು ಅಫರ್ವಾಟ್ ಬೆಟ್ಟದ ಮಗ್ಗುಲಿಗೆ ಸ್ಕೀ ತಿರುಗಿಸಿದರೆ ಜೀವ ನಮ್ಮ ಕೈಯಲ್ಲೇ. ಡಿಆರ್‌ಡಿಒದ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಆದರೆ ಅದು ಇಡೀ ಪ್ರದೇಶಕ್ಕೆ. ನಿಂತ ಇಳಿಜಾರಿನ ಸ್ಥಿತಿ ಅಲ್ಲೇ ನೋಡಿ ತಿಳಿಯಬೇಕು. ಪುಣೆಯಿಂದ ಎರಡು ಚಳಿಗಾಲ ಹೋಗಿ, ಗೈಡ್ ಪಕ್ಕದಲ್ಲಿ ಮೂರು ವಿಧಾನ ಮಾಡಿ ನೋಡಿದ್ದೇನೆ.

ಮೊದಲನೆಯದು ಕೋನ ಅಳೆಯುವುದು. ಹಿಮದ ಪದರ ಹಾಳೆಯಂತೆ ಕಳಚಿ ಜಾರುವುದು ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಕಣ್ಣಳತೆ ಸಾಕೆಂದುಕೊಂಡಿದ್ದೆ. ಹೊರಡುವ ಮುಂಚಿನ ಭಾನುವಾರ ಸಿಂಹಗಡ ಹತ್ತುವಾಗ ಒಣಹುಲ್ಲಿನ ಒಂದು ಮಗ್ಗುಲು ತೋರಿಸಿ, ಎಷ್ಟಿರಬಹುದೆಂದು ಧಾರವಾಡದ ಗೆಳೆಯನನ್ನು ಕೇಳಿದೆ. "ನಲವತ್ತೈದಕ್ಕ ಕಡಿಮಿ ಇಲ್ಲ ಬಿಡೋ" ಅಂದ. ನನಗೂ ಹಾಗೇ ಅನಿಸಿತ್ತು. ಕೋಲನ್ನು ನೆಲಕ್ಕೆ ಮಲಗಿಸಿ, ಮೇಲೆ ಮಾಪಕ ಇಟ್ಟರೆ 32. ಮೇಲೆ ಪಿಠ್ಲಾ-ಭಾಕ್ರಿ ತಿನ್ನುವವರೆಗೂ ಇಬ್ಬರೂ ಸಿಕ್ಕ ಸಿಕ್ಕ ಇಳಿಜಾರನ್ನೆಲ್ಲ ಅಳೆದೆವು. ಹಿಮದಲ್ಲಿ ಇದಕ್ಕೆ ಹಿಡಿಯುವುದು ಅರ್ಧ ನಿಮಿಷ. ಫೋನಿನ ಆ್ಯಪ್‌ನಲ್ಲೂ ಅಳೆದೆ. ಲೆಕ್ಕ ಸರಿಯಾಗಿಯೇ ಬಂತು, ಆದರೆ ಚಳಿಗೆ ಬ್ಯಾಟರಿ ಕುಸಿಯಿತು, ಕೈಗವಸು ಬಿಚ್ಚಬೇಕಾಯಿತು. ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕೊಡುವ, ಎದೆಯ ಮೇಲಿನ ಬೀಕನ್‌ಗೂ ಫೋನು ಅಡ್ಡಿ ಮಾಡುತ್ತದೆ, ದೂರ ಇಡಬೇಕು. ಪ್ಲಾಸ್ಟಿಕ್ ಮಾಪಕವೇ ವಾಸಿ. ಕಾಲ ಕೆಳಗಿನದಷ್ಟೇ ಅಲ್ಲ, ತಲೆಯ ಮೇಲಿರುವ ಇಳಿಜಾರನ್ನೂ ಲೆಕ್ಕಕ್ಕೆ ಹಿಡಿಯಿರಿ; ಸಮತಟ್ಟಿನಲ್ಲಿ ನಿಂತವರ ಮೇಲೂ ಅದು ಬರುತ್ತದೆ.

ಎರಡನೆಯದು ಕಂಪ್ರೆಷನ್ ಟೆಸ್ಟ್. ಗುಂಡಿ ತೋಡಿ 30 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಕಂಬ ಬಿಡಿಸಿ, ಮೇಲೆ ಸಲಿಕೆ ಇಟ್ಟು ತಟ್ಟುವುದು: ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10. ನಮ್ಮ ಕಂಬ 13ನೇ ತಟ್ಟಿಗೆ ಬಿರುಕು ಬಿಟ್ಟಿತು. ಕೆಳಗೆ ದುರ್ಬಲ ಪದರ ಇದೆಯೆಂದು ಗೊತ್ತಾಯಿತು, ಅಷ್ಟೇ.

ಆ ಬಿರುಕು ಹರಡುತ್ತದೆಯೇ ಎನ್ನುವುದೇ ಪ್ರಾಣದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟದ್ದು ಮೂರನೆಯದು, ಇಸಿಟಿ (ಎಕ್ಸ್‌ಟೆಂಡೆಡ್ ಕಾಲಮ್ ಟೆಸ್ಟ್). ಇಲ್ಲಿ ಕಂಬ 90 ಸೆಂ.ಮೀ. ಅಗಲ, ತಟ್ಟುವುದು ಒಂದೇ ತುದಿಗೆ. ಅದೇ ಗುಂಡಿಯಲ್ಲಿ 14ನೇ ತಟ್ಟಿಗೆ ಸೀಳು ಈ ತುದಿಯಿಂದ ಆ ತುದಿಗೆ ಒಂದೇ ಗೆರೆಯಾಗಿ ಓಡಿತು, ಮೇಲಿನ ಹಲಗೆ ನನ್ನ ಮಂಡಿಯ ಮೇಲೆ ಜಾರಿ ಬಂತು. ಒಡೆದ ಜಾಗ ಸವರಿದರೆ ಬೆರಳಿಗೆ ಹತ್ತಿದ್ದು ದಪ್ಪ ಸಕ್ಕರೆಯಂಥ ಸಡಿಲ ಹರಳು. ಗೈಡ್ ಮಾತಾಡದೆ ಸಲಿಕೆ ಮಡಚಿದ. ನಾವು 25 ಡಿಗ್ರಿ ದಾಟದ ಮರಗಳ ಪಕ್ಕದ ಹಾದಿ ಹಿಡಿದೆವು.

ಒಂದನ್ನೇ ಆರಿಸಿ ಅಂದರೆ ನಾನು ಮಾಪಕ ಆರಿಸುತ್ತೇನೆ. ಇಸಿಟಿ ಮೇಲು, ಆದರೆ ಒಂದು ಗುಂಡಿ ಒಂದು ಜಾಗದ ಮಾತು. ಇಪ್ಪತ್ತು ಹೆಜ್ಜೆ ಆಚೆ ಗಾಳಿ ಬೇರೆ ಥರ ಹಿಮ ಪೇರಿಸಿರುತ್ತದೆ. ಸೀಳು ಓಡಿದರೆ ವಾಪಸ್ ಬರಬೇಕು. ಓಡದಿದ್ದರೆ ಮಾತ್ರ ಅದನ್ನು ಅನುಮತಿ ಅಂತ ತಿಳಿಯಬೇಡಿ. ಸ್ಕೀ ಇಟ್ಟ ಕಡೆ "ಧಬ್" ಎಂದು ಹಿಮ ಕುಸಿದ ಸದ್ದು ಕೇಳಿದರೆ, ಮುಂದೆ ಬಿರುಕು ಓಡಿದರೆ, ಗುಂಡಿ ತೋಡುತ್ತ ಕೂರದೆ ಹಿಂದಿರುಗಿ.